ಎಲ್ಲ ಪೇಟೆಗಳೂ ಇಳಿದ ವಾರ

ಆಗಸ್ಟ್ ೪

ಅತ್ತಿಗೆಯವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ಸೇರಿತು. ಮೀನಿನ ಶೆಡ್ಡಿನಲ್ಲಿ ಹರಾಜು ಕೂಗುವುದು ಸಾಲದೆಂದು ಅಲ್ಲಿನ ಕೆಲಸಗಾರರ ಕ್ಷೇಮನಿಧಿಗೆ ಖಜಾಂಚಿಯೂ ಆಗಿದ್ದೀರಿ. ಅಣ್ಣ ಇದ್ದಿದ್ದರೆ ವಾರವಿಡೀ ಗೇಲಿ ಮಾಡುತ್ತಿದ್ದ. ನಿಧಿಯ ದುಡ್ಡನ್ನು ಎಲ್ಲಿಡಬೇಕೆಂದು ಕೇಳಿದ್ದೀರಿ. ಫೋನಿನಲ್ಲಿ ನಾವಿಬ್ಬರೂ "ಹೂಂ, ಸರಿ, ಇಡ್ಲಾ" ಎನ್ನುವುದಕ್ಕಿಂತ ಮುಂದೆ ಹೋಗುವುದಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ಮೊದಲ ಹಾಳೆಯನ್ನು ಸಭೆಯಲ್ಲಿ ಓದಿ ಹೇಳಿ. ಎರಡನೆಯದು ನಿಮಗೆ.

ದುಡ್ಡು ಬ್ಯಾಂಕಿನಲ್ಲೇ ಇದ್ದರೆ ಬೆಳೆಯುವುದಿಲ್ಲ. ಪೂರ್ತಿ ಷೇರಿಗೆ ಹಾಕಿದರೆ ನಿದ್ದೆ ಬರುವುದಿಲ್ಲ. ನಮ್ಮ ಕಂಪನಿ ಜನರ ದುಡ್ಡನ್ನು ಬೇರೆ ಬೇರೆ ಪೇಟೆಗಳಲ್ಲಿ ತೊಡಗಿಸುತ್ತದೆ. ಯಾವ ಪೇಟೆ ಏರಿದಾಗ ಯಾವುದು ಇಳಿಯುತ್ತದೆ, ಯಾವುದು ಯಾವುದರ ಜೊತೆ ನಡೆಯುತ್ತದೆ ಎಂದು ದಿನವೂ ಲೆಕ್ಕ ಹಾಕಿ ಮೇಲಿನವರಿಗೆ ಕೊಡುವುದು ನನ್ನ ಕೆಲಸ. ಷೇರು, ಕಂಪನಿಗಳು ಸಾಲ ಎತ್ತಲು ಮಾರುವ ಬಾಂಡು, ತಾಮ್ರ, ಚಿನ್ನ: ಇವು ಒಂದೇ ಮನೆಯಿಂದ ಹೆಣ್ಣು ತಂದ ನಾಲ್ವರು ಷಡ್ಡಕರಿದ್ದ ಹಾಗೆ. ಒಬ್ಬ ಬಂದ ಕಡೆ ಇನ್ನೊಬ್ಬ ಬರುವುದಿಲ್ಲ. ಒಬ್ಬ ಮುಖ ಊದಿಸಿಕೊಂಡರೆ ಇನ್ನೊಬ್ಬ ನಗುತ್ತಾನೆ. ನಿಧಿಯನ್ನು ನಾಲ್ಕು ಪಾಲು ಮಾಡಿ ನಾಲ್ವರ ಕೈಗೂ ಕೊಟ್ಟರೆ, ಒಂದು ಸೊರಗಿದ ವರ್ಷ ಇನ್ನೊಂದು ತುಂಬಿಕೊಡುತ್ತದೆ. ತುಂಬ ಬೆಳೆಯುವುದಿಲ್ಲ, ಆದರೆ ಮುಳುಗುವುದೂ ಇಲ್ಲ.

(ಎರಡನೆಯ ಹಾಳೆ)

ನಾನು ಚೆನ್ನಾಗಿದ್ದೇನೆ. ಕೆಲಸ ಜಾಸ್ತಿ. ಈಗಿನ ಮನೆಯ ಕಿಟಕಿ ಪಕ್ಕದ ಕಟ್ಟಡದ ಗೋಡೆಗೆ ತೆರೆಯುತ್ತದೆ. ಗಾಳಿ ಬರುತ್ತದೆ, ಬೆಳಕು ಬರುವುದಿಲ್ಲ. ಈ ವರ್ಷವೂ ಊರಿಗೆ ಬರುವುದು ಕಷ್ಟ. ಬೇಸರ ಮಾಡಿಕೊಳ್ಳಬೇಡಿ.

ನಿಮ್ಮ ಮೈದುನ


ಆಗಸ್ಟ್ ೧೭

ಪ್ರೀತಿಯ ಮೇಷ್ಟ್ರಿಗೆ ಆಶೀರ್ವಾದಗಳು.

ನಿನ್ನಣ್ಣ ಇಟ್ಟ ಹೆಸರು ಎಷ್ಟು ಸರಿ ನೋಡು. ಆರನೇ ಕ್ಲಾಸಿನಲ್ಲಿದ್ದಾಗಲೇ ನಮಗೆಲ್ಲ ಗ್ರಹಣ ಹೇಗೆ ಹಿಡಿಯುತ್ತದೆಂದು ಪಾಠ ಮಾಡಿದವನು ಈಗ ಇಡೀ ಶೆಡ್ಡಿಗೆ ಪಾಠ ಮಾಡಿದೆ. ಹರಾಜು ಮುಗಿದು ನೆಲ ತೊಳೆದಾದ ಮೇಲೆ ಖಾಲಿ ಕ್ರೇಟುಗಳ ಮೇಲೆ ಎಲ್ಲರನ್ನೂ ಕೂರಿಸಿ ಓದಿದೆ. ಷಡ್ಡಕರ ಮಾತು ಬಂದಾಗ ಮೀನು ಹೆಚ್ಚುವ ಹೆಂಗಸರು ಬಿದ್ದು ಬಿದ್ದು ನಕ್ಕರು. ಅವರಲ್ಲೊಬ್ಬಳು, "ಅಲ್ಲಾ ಅಕ್ಕಾ, ಮಾವ ಸತ್ತರೆ ನಾಲ್ಕು ಜನಾನೂ ಒಂದೇ ದಿನ ಬರ್ತಾರಲ್ಲ?" ಎಂದಳು. ಇನ್ನಷ್ಟು ನಕ್ಕೆವು.

ಕ್ರೇನು ನಡೆಸುವವನು ನಿನಗೆ ಗೊತ್ತು, ಸಂಘದ ಕಾರ್ಯದರ್ಶಿ. ಅವನೊಬ್ಬ ನಗಲಿಲ್ಲ. "ನಿಮ್ಮ ಮೈದುನ ಅನ್ನೋ ಒಂದೇ ಕಾರಣಕ್ಕೆ ನಾವು ಒಪ್ಪಬೇಕಾ?" ಎಂದ.

"ಹೌದು, ಅದಕ್ಕೇ ಒಪ್ಪಿ. ಹೆಚ್ಚುಕಮ್ಮಿ ಆದರೆ ನನ್ನ ಮನೆ ಎಲ್ಲಿದೆ ಅಂತ ನಿಮಗೆ ಗೊತ್ತಲ್ಲ" ಎಂದೆ.

ಕೈ ಎತ್ತಿದರು. ಐಸ್ ಅಜ್ಜ, ಅದೇ ಐಸು ಒಡೆದು ಹಾಕುವವರು, ಎರಡೂ ಕೈ ಎತ್ತಿದರು. ಅವರ ಹೆಂಡತಿಯ ಸೊಂಟದ ಮೂಳೆಗೆ ಮುಂದಿನ ವರ್ಷ ಆಪರೇಷನ್ ಆಗಬೇಕು, ನಿಧಿಯಲ್ಲಿರುವ ಪಾಲೇ ಅದಕ್ಕೆ ಆಧಾರ.

(ಇದು ನಿನಗೆ)

ನಿನ್ನಣ್ಣ ಸತ್ತಾಗ ದೋಣಿಯ ಯಜಮಾನರು ಕೊಟ್ಟ ಹಣವನ್ನೂ ಇದರಲ್ಲೇ ಸೇರಿಸಿದ್ದೇನೆ. ಹೇಳಬೇಕೆನಿಸಿತು, ಹೇಳಿದೆ. ನಿನ್ನ ಕೋಣೆ ಹೇಗಿತ್ತೋ ಹಾಗೇ ಇದೆ. ಮಣ್ಣು ಮಾಡಿ ಹೋದವನು ಮೂರು ವರ್ಷವಾದರೂ ಇತ್ತ ಮುಖ ಹಾಕಿಲ್ಲ. ಕೆಲಸ ಜಾಸ್ತಿ ಎಂದು ಬರೆಯುತ್ತೀಯ. ಇರಲಿ. ಶೆಡ್ಡಿನ ಗದ್ದಲದಲ್ಲಿ ನನಗಂತೂ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ನಿನ್ನ ಅತ್ತಿಗೆ


ಸೆಪ್ಟೆಂಬರ್ ೨೩

ಅತ್ತಿಗೆಯವರಿಗೆ ನಮಸ್ಕಾರಗಳು.

ಸಮುದ್ರದಾಚೆಯ ದೊಡ್ಡ ಬ್ಯಾಂಕೊಂದು ಬಾಗಿಲು ಹಾಕಿದ ಸುದ್ದಿ ನಿಮ್ಮಲ್ಲಿಗೂ ಬಂದಿರಬೇಕು. ಶೆಡ್ಡಿನವರು ಗಾಬರಿಯಾಗುವುದು ಬೇಡ. ಷೇರು ಇಳಿದಿದೆ, ನಿಜ. ತಾಮ್ರವೂ ಸ್ವಲ್ಪ ಬಗ್ಗಿದೆ. ಆದರೆ ಚಿನ್ನ ಏರಿದೆ. ನಾನು ಹೇಳಿದ್ದೂ ಅದನ್ನೇ ಅಲ್ಲವೇ? ಒಬ್ಬ ಮುಖ ಊದಿಸಿಕೊಂಡಿದ್ದಾನೆ, ಇನ್ನೊಬ್ಬ ನಗುತ್ತಿದ್ದಾನೆ. ಇಂಥ ಹೊತ್ತಿಗಾಗಿಯೇ ಪಾಲು ಮಾಡಿದ್ದು. ಕಾರ್ಯದರ್ಶಿಯವರಿಗೆ ಇದನ್ನು ವಿಶೇಷವಾಗಿ ಓದಿ ಹೇಳಿ.

(ಎರಡನೆಯ ಹಾಳೆ)

ಅಣ್ಣನ ಹಣವನ್ನು ಸೇರಿಸಿದ್ದೀರೆಂದು ಗೊತ್ತಿರಲಿಲ್ಲ. ಗೊತ್ತಿದ್ದರೆ ಬೇಡ ಎನ್ನುತ್ತಿದ್ದೆನೇ ಎಂದು ಯೋಚಿಸಿದೆ. ಎನ್ನುತ್ತಿರಲಿಲ್ಲ. ನನ್ನ ಉಳಿತಾಯವೂ ಹೀಗೆಯೇ ನಾಲ್ಕು ಪಾಲಾಗಿ ಇದೆ.

ಊರಿಗೆ ಬರುವ ವಿಷಯ. ಕೆಲಸ ಜಾಸ್ತಿ ಎಂದದ್ದು ಸುಳ್ಳಲ್ಲ. ಆದರೆ ಅದೊಂದೇ ಅಲ್ಲ. ಇನ್ನೊಮ್ಮೆ ಬರೆಯುತ್ತೇನೆ.

ಇಲ್ಲಿ ಊಟಕ್ಕೆ ತೊಂದರೆಯಿಲ್ಲ. ಕೆಳಗಿನ ಹೋಟೆಲಿನವನಿಗೆ ನನ್ನ ಮುಖ ಕಂಡರೆ ಸಾಕು, ಕೇಳದೆಯೇ ತಂದಿಡುತ್ತಾನೆ. ಮಾತೇ ಬೇಕಾಗುವುದಿಲ್ಲ.

ನಿಮ್ಮ ಮೈದುನ


ಅಕ್ಟೋಬರ್ ೭

ಪ್ರೀತಿಯ ಮೇಷ್ಟ್ರಿಗೆ,

ನಿನ್ನ ಕಾಗದ ಓದಿ ಹೇಳಿದೆ. ಈ ಸಲ ಯಾರೂ ನಗಲಿಲ್ಲ, ಯಾರೂ ಕೇಳಿಸಿಕೊಳ್ಳಲೂ ಇಲ್ಲ. ಅವರ ಕಣ್ಣೆಲ್ಲ ಮೀನಿನ ಮೇಲಿತ್ತು.

ಹೋದ ವಾರ ದೋಣಿಗಳು ತುಂಬಿ ಬಂದವು. ಸಿಗಡಿ ಎಂದರೆ ಎಂಥ ಸಿಗಡಿ, ಒಂದೊಂದೂ ಗೇಣುದ್ದ. ಕಟ್ಟೆಯ ಮೇಲೆ ನಿಂತು ಮಾಮೂಲಿ ಬೆಲೆಯಿಂದ ಕೂಗಲು ಶುರು ಮಾಡಿದೆ. ಒಂದು ಕೈಯೂ ಏಳಲಿಲ್ಲ. ಇಳಿಸಿದೆ. ಏಳಲಿಲ್ಲ. ನನಗೆ ನಾನೇ ಪೈಪೋಟಿ ಕೊಡುವವಳ ಹಾಗೆ ಇಳಿಸುತ್ತ ಹೋದೆ. ಹದಿನೈದು ವರ್ಷದಿಂದ ಒಬ್ಬರನ್ನೊಬ್ಬರು ಹಾವು ಮುಂಗುಸಿಯಂತೆ ನೋಡುವ ಇಬ್ಬರು ರಫ್ತಿನ ವ್ಯಾಪಾರಿಗಳು ಅಂದು ಒಬ್ಬರ ಪಕ್ಕದಲ್ಲೊಬ್ಬರು ಕೈ ಕಟ್ಟಿ ನಿಂತಿದ್ದರು.

ಹರಾಜು ನಿಲ್ಲಿಸಿ ಹೋಗಿ ಕೇಳಿದೆ. "ಮೀನಲ್ಲಿ ಏನು ಐಬು ಕಂಡಿರಿ?"

"ಮೀನು ಬಂಗಾರದಂಗಿದೆ ಅಮ್ಮಾ" ಎಂದ ಹಿರಿಯ ವ್ಯಾಪಾರಿ. "ಆ ಕಡೆಯ ಬ್ಯಾಂಕು ದುಡ್ಡು ಕೊಡ್ತೀನಿ ಅಂತ ಬರೆದುಕೊಟ್ಟರೂ ಈ ಕಡೆಯ ಬ್ಯಾಂಕು ನಂಬ್ತಿಲ್ಲ. ತುಂಬಿದ ಹಡಗು ಹಾಗೇ ನಿಂತಿದೆ. ಶೀತಲ ಗೋದಾಮಲ್ಲಿ ಒಂದು ಬುಟ್ಟಿ ಇಡೋಕೂ ಜಾಗ ಇಲ್ಲ. ಕೊಂಡುಕೊಂಡು ಎಲ್ಲಿಡಲಿ?"

ಅಂದು ಗೇಣುದ್ದದ ಸಿಗಡಿ ಗೊಬ್ಬರದ ಕಾರ್ಖಾನೆಯ ಲಾರಿಗೆ ಹೋಯಿತು. ಎಲ್ಲೋ ಒಂದು ಬ್ಯಾಂಕು ಮುಚ್ಚಿದರೆ ಇಲ್ಲಿ ಈಗಷ್ಟೇ ಬಲೆಯಿಂದ ಬಿಡಿಸಿದ ಮೀನಿನ ಬೆಲೆ ಯಾಕೆ ಬೀಳಬೇಕು? ಕಡಲಿಗೇನು ಗೊತ್ತು ಬ್ಯಾಂಕು? ಇದನ್ನು ಬಿಡಿಸಿ ಬರೆ, ಓದಿ ಹೇಳುತ್ತೇನೆ. ಕೂಲಿ ಅರ್ಧವಾಗಿದೆ. ನಿಧಿಯಿಂದ ತಮ್ಮ ಪಾಲು ತೆಗೆಯಬಹುದೇ ಎಂದು ಕೆಲವರು ಕೇಳುತ್ತಿದ್ದಾರೆ.

(ನಿನಗೆ)

ಮೀನು ಹೆಚ್ಚುವ ಹೆಂಗಸೊಬ್ಬಳ ಜೊತೆ ಆಭರಣದ ಅಂಗಡಿಗೆ ಹೋಗಿದ್ದೆ. ಅವಳ ಓಲೆ ಮಾರಬೇಕಿತ್ತು. ಅಂಗಡಿಯವನು, "ಇವತ್ತು ಬಂದೋರೆಲ್ಲ ಮಾರೋರೇ ಅಮ್ಮಾ, ಕೊಳ್ಳೋರು ಒಬ್ಬರೂ ಇಲ್ಲ" ಎಂದ. ಬರಿಗೈಯಲ್ಲಿ ಹೊರಗೆ ಬಂದಾಗ ಒಂಥರಾ ಅನ್ನಿಸಿತು. ಅವಳಿಗೆ, ಅಂದರೆ.

ನಿನ್ನ ಅತ್ತಿಗೆ


ಅಕ್ಟೋಬರ್ ೧೧

ಅತ್ತಿಗೆಯವರಿಗೆ,

ನಿಮ್ಮ ಕಾಗದ ಇನ್ನೂ ಬಂದಿಲ್ಲ. ಆದರೂ ಬರೆಯುತ್ತಿದ್ದೇನೆ. ಪತ್ರಿಕೆ ನೋಡಿ ಶೆಡ್ಡಿನವರು ನಿಮ್ಮನ್ನು ಸುತ್ತುವರಿಯುವ ಮೊದಲು ಇದು ನಿಮ್ಮ ಕೈ ಸೇರಲಿ.

ಈ ವಾರ ಎಲ್ಲವೂ ಇಳಿಯಿತು. ಷೇರು, ಬಾಂಡು, ತಾಮ್ರ, ಎಣ್ಣೆ, ಗೋಧಿ, ಕೊನೆಗೆ ಚಿನ್ನವೂ. ಸೂರ್ಯ ಮೊದಲು ಹುಟ್ಟುವ ದೇಶದ ಪೇಟೆ ತೆರೆದ ಕೂಡಲೇ ಕುಸಿಯಿತು. ಹೊತ್ತೇರಿದ ಹಾಗೆ ಒಂದೊಂದೇ ದೇಶ ಬಾಗಿಲು ತೆರೆದು ಅದರ ಹಿಂದೆಯೇ ಕುಸಿಯಿತು. ಕಂಪನಿಯ ದೊಡ್ಡವರು ಬಂದು ನನ್ನ ಹಿಂದೆ ನಿಂತರು. "ನಿನ್ನ ಲೆಕ್ಕ ಏನು ಹೇಳುತ್ತಪ್ಪಾ, ಯಾವುದು ಯಾವುದರ ಜೊತೆ ಇದೆ?"

"ಎಲ್ಲವೂ ಎಲ್ಲದರ ಜೊತೆ ಇವೆ ಸಾರ್" ಎಂದೆ.

ಅವರು ಬೈಯಲಿಲ್ಲ. ಹೋಗಿ ಕಿಟಕಿಯ ಬಳಿ ನಿಂತರು.

ಯಾಕೆ ಹೀಗಾಯಿತೆಂದು ಶೆಡ್ಡಿನವರಿಗೆ ಹೇಳಿ. ದೊಡ್ಡ ದೊಡ್ಡ ವ್ಯಾಪಾರಿಗಳು ಸಾಲ ತಂದು ಇವನ್ನೆಲ್ಲ ಕೊಂಡಿರುತ್ತಾರೆ. ಕೊಟ್ಟವರು ಹೆದರಿ, ಸಂಜೆಯೊಳಗೆ ವಾಪಸು ಕೊಡಿ ಎಂದರು. ಕೆಟ್ಟ ಸರಕನ್ನು ಮಾರಲು ಹೋದರೆ ಕೊಳ್ಳುವವರಿಲ್ಲ. ಆಗ ಮನುಷ್ಯ ಏನು ಮಾಡುತ್ತಾನೆ? ಯಾವುದು ಮಾರಿ ಹೋಗುತ್ತದೋ ಅದನ್ನೇ ಮಾರುತ್ತಾನೆ. ಒಳ್ಳೆಯದನ್ನೇ ಮಾರುತ್ತಾನೆ. ಬೇರೆ ಬೇರೆ ದೇಶಗಳಲ್ಲಿ, ಒಬ್ಬರ ಮುಖ ಒಬ್ಬರು ನೋಡದವರು, ಒಂದೇ ದಿನ ಅದನ್ನೇ ಮಾಡಿದರು. ತಾಮ್ರದಲ್ಲಿ ದೋಷವಿರಲಿಲ್ಲ. ಚಿನ್ನದಲ್ಲಿ ದೋಷವಿರಲಿಲ್ಲ. ಅವನ್ನು ಹಿಡಿದಿದ್ದ ಕೈಗಳು ಮಾತ್ರ ಒಂದೇ ಸಲ ನಡುಗಿದವು. ಇಂಥ ವಾರಗಳು ಹಿಂದೆಯೂ ಬಂದದ್ದಿದೆ. ಅಪರೂಪವೆಂದು ನಮ್ಮ ಲೆಕ್ಕದಲ್ಲಿ ಅವಕ್ಕೆ ತೂಕ ಕೊಟ್ಟಿರಲಿಲ್ಲ.

ಒಂದೇ ಒಂದು ಬೇಡಿಕೆ: ಈಗ ಮಾರಬೇಡಿ. ನಿಧಿ ಅರ್ಧದ ಹತ್ತಿರ ಬಂದಿದೆ. ಕಾಗದದ ಮೇಲಿನ ನಷ್ಟ ಮಾರಿದರೆ ಮಾತ್ರ ನಿಜವಾಗುತ್ತದೆ. ಭಯ ಇಳಿದಾಗ ಎಲ್ಲವೂ ಮೇಲೆ ಬರುತ್ತವೆ. ಒಂದು ವರ್ಷ, ಎರಡು ವರ್ಷ. ಕಾಯಿರಿ.

(ಎರಡನೆಯ ಹಾಳೆ)

ಎದುರಿನ ಮೇಜಿನವನು ಇಷ್ಟು ವರ್ಷದಲ್ಲಿ ಒಮ್ಮೆಯೂ ನನ್ನನ್ನು ಊಟಕ್ಕೆ ಕರೆದವನಲ್ಲ. ಅಂದು ತನ್ನ ಡಬ್ಬಿಯನ್ನು ನನ್ನ ಕಡೆ ತಳ್ಳಿದ. ಇಬ್ಬರೂ ತಿನ್ನಲಿಲ್ಲ. ಸುಮ್ಮನೆ ಡಬ್ಬಿಯನ್ನು ನೋಡುತ್ತ ಕೂತೆವು.

ನಿಧಿಯ ವಿಷಯ ಏನಾದರೂ ಬರೆಯಿರಿ, ಬೈದರೂ ಸರಿ. ಆದರೆ ನನಗೊಂದು ಹಾಳೆ ಬೇರೆ ಇಡಿ. ನಿಮ್ಮ ಮೇಲೆ ಎಲ್ಲರೂ ಹರಿಹಾಯುತ್ತಿದ್ದಾರೆಯೇ, ಊಟ ಮಾಡುತ್ತಿದ್ದೀರಾ, ಏನಾದರೂ. ನಾಲ್ಕು ಸಾಲು ಸಾಕು.

ನಿಮ್ಮ ಮೈದುನ


ಅಕ್ಟೋಬರ್ ೨೫

ಮಾನ್ಯರೆ,

ವಿಷಯ: ಕ್ಷೇಮನಿಧಿಯ ಹೂಡಿಕೆಯನ್ನು ಹಿಂಪಡೆಯುವ ಬಗ್ಗೆ.

ಹರಾಜು ಶೆಡ್ಡಿನ ಕೆಲಸಗಾರರ ಸಂಘದ ವಿಶೇಷ ಸಭೆಯು ಇಂದು ಸೇರಿ ತಮ್ಮ ಪತ್ರವನ್ನು ಪೂರ್ತಿಯಾಗಿ ಕೇಳಿತು. ಶೆಡ್ಡಿನಲ್ಲಿ ಕೆಲಸವಿಲ್ಲದ ಕಾರಣ ಸದಸ್ಯರು ಕಾಯುವ ಸ್ಥಿತಿಯಲ್ಲಿಲ್ಲ. ನಿಧಿಯ ನಾಲ್ಕೂ ಪಾಲುಗಳನ್ನು ಇಂದಿನ ಬೆಲೆಗೆ ಮಾರಿ ಹಣ ಕಳುಹಿಸಬೇಕೆಂದು ಬಹುಮತದಿಂದ ತೀರ್ಮಾನಿಸಲಾಗಿದೆ. ಸಹಿ ಮಾಡಿದ ಕಾಗದಗಳನ್ನು ಕಂಪನಿಯ ವಿಳಾಸಕ್ಕೆ ಪ್ರತ್ಯೇಕವಾಗಿ ಕಳುಹಿಸಿದೆ. ತಡ ಮಾಡಬಾರದಾಗಿ ಕೋರಿಕೆ.

ಇತಿ,
ಖಜಾಂಚಿ


ನವೆಂಬರ್ ೯

ಮಾನ್ಯ ಖಜಾಂಚಿಯವರಿಗೆ,

ತಮ್ಮ ಪತ್ರ ತಲುಪಿತು. ಮಾರಾಟದ ಕಾಗದಗಳು ಕಂಪನಿಯಲ್ಲಿ ನನ್ನ ಮೇಜಿಗೇ ಬಂದವು. ಬೇರೆಯವರಿಗೆ ವಹಿಸಬಹುದಿತ್ತು, ವಹಿಸಲಿಲ್ಲ. ಅಂದೇ ನಾಲ್ಕೂ ಪಾಲುಗಳನ್ನು ನಾನೇ ಮಾರಿದೆ. ಹಣ ನಿಮ್ಮ ಬ್ಯಾಂಕಿಗೆ ಸೇರಿರಬೇಕು. ಹಾಕಿದ್ದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಬಂದಿದೆ.

ಸಭೆಯ ತೀರ್ಮಾನದ ಬಗ್ಗೆ ಹೇಳಲು ನನಗೆ ಏನೂ ಇಲ್ಲ. ನಿಮ್ಮ ಕೋಪ ನ್ಯಾಯವಾದದ್ದೇ. ಇನ್ನು ಮುಂದೆ ನಿಧಿಯ ಸಂಬಂಧ ಏನಿದ್ದರೂ ನೇರವಾಗಿ ಕಂಪನಿಗೇ ಬರೆಯುವುದು ಒಳ್ಳೆಯದು, ನನಗಲ್ಲ.

ತಮ್ಮದರ ಹಾಗೆ ಈ ಪತ್ರಕ್ಕೂ ಹಾಳೆ ಒಂದೇ.


ಡಿಸೆಂಬರ್ ೨೮

ಮೇಷ್ಟ್ರೇ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯಬಾರದೆಂದೇ ಇದ್ದೆ. ನನಗಲ್ಲ, ಕಂಪನಿಗೆ ಬರೆಯಿರಿ ಎಂದಿದ್ದೀಯ. ದೊಡ್ಡ ಊರಿನ ದೊಡ್ಡ ಕೆಲಸದವನಿಗೆ ಮೀನಿನ ವಾಸನೆಯ ನೆಂಟರು ಸಾಕಾದರು ಎಂದುಕೊಂಡೆ. ಈಗಲೂ ಹಾಗೇ ಅನ್ನಿಸುತ್ತದೆ. ಆದರೆ ಒಂದು ಮಾತು ಹೇಳದೆ ಇರಲಾರೆ.

ಆ ಪತ್ರ ನಾನು ಬರೆದದ್ದಲ್ಲ. ಅಂದರೆ ಕೈ ನನ್ನದು, ಮಾತು ಕ್ರೇನಿನವನದು. "ಖಜಾಂಚಿ ಮೈದುನನಿಗೆ ಗುಟ್ಟಾಗಿ ಏನೋ ಬರೀತಾರೆ" ಎಂದು ಯಾರೋ ಎತ್ತಿದರು. ಅವನು ಎಲ್ಲರ ಮುಂದೆ ನನ್ನನ್ನು ಕೂರಿಸಿ ಹೇಳಿ ಬರೆಸಿದ, ಲಕೋಟೆಗೆ ಅಂಟು ತಾನೇ ಹಚ್ಚಿದ. ನಿನ್ನ ಹಾಳೆ ನನ್ನ ಸೆರಗಿನ ಗಂಟಿನಲ್ಲಿತ್ತು. ನಾಲ್ಕು ಸಾಲು ಸಾಕು ಎಂದು ನೀನು ಕೇಳಿದ್ದನ್ನು ಓದಿದ್ದೆ. ಅದಕ್ಕೆ ಬೇರೆ ಕಾಗದ ಹಾಕೋಣವೆಂದಿದ್ದೆ. ಅಷ್ಟರಲ್ಲಿ ನಿನ್ನ "ಮಾನ್ಯ ಖಜಾಂಚಿಯವರಿಗೆ" ಬಂತು. ನನಗೂ ಮೂಗಿನ ತುದಿಯಲ್ಲಿ ಸಿಟ್ಟು ಇದೆ.

ನಿನ್ನ ಪತ್ರವನ್ನು ಅವತ್ತು ಪೂರ್ತಿ ಓದಿದೆ. ನಡುವೆ ನಿಲ್ಲಿಸು ಎಂದು ಕೂಗಿದರು, ನಿಲ್ಲಿಸಲಿಲ್ಲ. ಹರಾಜು ಕೂಗುವ ಗಂಟಲು ಒಂದು ದಿನವಾದರೂ ಉಪಯೋಗಕ್ಕೆ ಬಂತು. ಓದಿ ಮುಗಿಸಿ ಕೇಳಿದೆ, "ಕಾಯೋಣ ಅನ್ನೋರು ಕೈ ಎತ್ತಿ."

ಐಸ್ ಅಜ್ಜ ಎದ್ದು ನಿಂತರು. "ಹುಡುಗ ಹೇಳೋದು ಸರಿ ಇರಬಹುದು ಮಗಾ. ಎರಡು ವರ್ಷ ಕಾಯಿ ಅಂತಾನೆ. ಇವಳ ಸೊಂಟ ಎರಡು ವರ್ಷ ಕಾಯಲ್ಲ."

ಆಮೇಲೆ ಮಾರೋಣ ಎಂದು ಕೈ ಎತ್ತಿದವರಲ್ಲಿ ನಾನೂ ಒಬ್ಬಳು. ಇದನ್ನು ನಿನಗೆ ಬೇರೆ ಯಾರಾದರೂ ಹೇಳುವ ಮೊದಲು ನಾನೇ ಹೇಳಬೇಕಿತ್ತು.

ಅಜ್ಜಿಗೆ ಆಪರೇಷನ್ ಆಯಿತು. ಬಂದ ಪಾಲು ಸಾಲದೆ ಕ್ರೇನಿನವನು ತನ್ನ ಪಾಲಿನಿಂದ ಸೇರಿಸಿದ. ಅವನು ಎಂಥವನು ಎಂದು ನನಗೆ ಇನ್ನೂ ತಿಳಿಯುವುದಿಲ್ಲ. ಮೀನು ಹೆಚ್ಚುವ ಹೆಂಗಸರಲ್ಲಿ ಇಬ್ಬರು ಪಾಲು ತೆಗೆದುಕೊಂಡು ಬೇರೆ ಊರಿಗೆ ಕೆಲಸ ಹುಡುಕಿ ಹೋದರು. ಷಡ್ಡಕರ ಮಾತಿಗೆ ನಗಿಸಿದವಳೂ ಹೋದಳು. ಶೆಡ್ಡು ಮುಚ್ಚಿದೆ. ಕಟ್ಟೆಯ ಮೇಲೆ ನಾಯಿ ಮಲಗಿರುತ್ತದೆ.

ಗದ್ದಲದಲ್ಲಿ ಹೊತ್ತು ಹೋಗುತ್ತದೆ ಎಂದು ಬರೆದಿದ್ದೆನಲ್ಲ. ಈಗ ಗದ್ದಲವಿಲ್ಲ. ಮಧ್ಯಾಹ್ನ ಅಡುಗೆಮನೆಯಲ್ಲಿ ಕೂತು ಬೆಲೆ ಕೂಗಿ ನೋಡಿದೆ, ಗಂಟಲು ಕಟ್ಟಬಾರದೆಂದು. ನನ್ನ ದನಿಗೆ ನಾನೇ ಬೆಚ್ಚಿಬಿದ್ದೆ.

ಬರೆದರೆ ಬರೆ. ಇಲ್ಲದಿದ್ದರೆ ಬೇಡ.

ನಿನ್ನ ಅತ್ತಿಗೆ


ಮಾರ್ಚ್ ೨೯

ಅತ್ತಿಗೆಯವರಿಗೆ ನಮಸ್ಕಾರಗಳು.

ನೀವು ಇದನ್ನು ಓದುತ್ತೀರೋ ಇಲ್ಲವೋ ತಿಳಿಯದು. ನವೆಂಬರಿನಿಂದ ನಿಮ್ಮಿಂದ ಒಂದು ಸಾಲೂ ಇಲ್ಲ. ಕೇಳುವ ಹಕ್ಕು ನನಗೂ ಇಲ್ಲ. ನಿಧಿಯ ವಿಷಯವಾದ್ದರಿಂದ ಬರೆಯುತ್ತಿದ್ದೇನೆ ಎಂದುಕೊಳ್ಳಿ.

ಮೂರು ವಾರದಿಂದ ಪೇಟೆಗಳು ಏರುತ್ತಿವೆ. ಷೇರು, ತಾಮ್ರ, ಎಣ್ಣೆ, ಬಾಂಡು, ಎಲ್ಲವೂ. ಬಿದ್ದಾಗ ಹೇಗೆ ಒಟ್ಟಿಗೆ ಬಿದ್ದವೋ ಏಳುವಾಗಲೂ ಹಾಗೇ ಒಟ್ಟಿಗೆ ಏಳುತ್ತಿವೆ. ಬೆಳಿಗ್ಗೆ ನಡೆದು ಹೋಗುವಾಗ ಪೇಪರ್ ಅಂಗಡಿಯಲ್ಲಿ ನೇತುಹಾಕಿದ ಪುಟವನ್ನು ಓದಿಕೊಳ್ಳುತ್ತೇನೆ. ಅಂಗಡಿಯವನು ಕೊಳ್ಳುವುದಿದ್ದರೆ ಕೊಳ್ಳಿ ಎನ್ನುತ್ತಾನೆ. ಮಾರದೆ ಇದ್ದಿದ್ದರೆ ನಿಧಿ ಈಗ ಎಷ್ಟಾಗಿರುತ್ತಿತ್ತೆಂದು ಲೆಕ್ಕ ಹಾಕಿದೆ. ಇಲ್ಲಿ ಬರೆದೆ, ಆಮೇಲೆ ಹೊಡೆದು ಹಾಕಿದೆ. ಶಾಯಿ ದಪ್ಪಗಿರುವ ಜಾಗ ಅದೇ.

ಎಲ್ಲರಿಗಿಂತ ಮೊದಲು ನಿಮಗೆ ಹೇಳಬೇಕೆನಿಸಿತು. ಎಲ್ಲರಿಗಿಂತ ಎಂದು ಬರೆದ ಮೇಲೆ ಯೋಚಿಸಿದೆ, ಹೇಳಲು ಬೇರೆ ಯಾರೂ ಇಲ್ಲ.

ವಿಳಾಸ ಬದಲಾಗಿದೆ, ಲಕೋಟೆಯ ಹಿಂಬದಿಯಲ್ಲಿ ಬರೆದಿದ್ದೇನೆ. ಇದು ಈಗ ಕೆಲಸಕ್ಕೆ ಹೋಗುವ ಕಾಗದದ ಗೋದಾಮಿಗೆ ಹತ್ತಿರ, ನಡೆದೇ ಹೋಗಬಹುದು, ಮಳೆ ಬಂದರೆ ಮಾತ್ರ ಬಸ್ಸು. ಪಕ್ಕದ ಕೋಣೆಯವರು ರೇಡಿಯೋ ಹಾಕುತ್ತಾರೆ. ಗೋಡೆ ತೆಳು. ವಾರ್ತೆ ಮುಗಿದು ಅವರು ಆರಿಸಿದಾಗ ನನಗೆ ಬೇಜಾರಾಗುತ್ತದೆ.

ಐಸ್ ಅಜ್ಜನ ಹೆಂಡತಿ ಹೇಗಿದ್ದಾರೆ?

ನಿಮ್ಮ ಮೈದುನ


ಏಪ್ರಿಲ್ ೧೨

ಪ್ರೀತಿಯ ಮೇಷ್ಟ್ರಿಗೆ,

ಇದರ ಜೊತೆ ಇನ್ನೊಂದು ಲಕೋಟೆ ಇಟ್ಟಿದ್ದೇನೆ, ಅದನ್ನು ಮೊದಲು ಓದು. ಡಿಸೆಂಬರಿನಲ್ಲಿ ಬರೆದದ್ದು. ಜನವರಿಯಲ್ಲಿ "ಈ ವಿಳಾಸದಲ್ಲಿ ಇಲ್ಲ" ಎಂಬ ಮೊಹರು ಹೊತ್ತು ನನ್ನ ಹತ್ತಿರವೇ ವಾಪಸು ಬಂತು. ಫೋನ್ ಮಾಡಿದರೆ ಆ ನಂಬರೇ ಇಲ್ಲ ಎಂದಿತು. ನೀನೇ ಹೇಳಿದ್ದೆಯಲ್ಲ, ಕಂಪನಿಗೆ ಬರೆಯಿರಿ ಎಂದು. ಬರೆದೆ. ಅವರು ಎರಡು ಸಾಲಿನ ಉತ್ತರ ಹಾಕಿದರು: ಇವರು ನವೆಂಬರ್ ಮೊದಲ ವಾರದಿಂದ ನಮ್ಮಲ್ಲಿ ಕೆಲಸದಲ್ಲಿಲ್ಲ.

ಆ ದಿನ ನಿನ್ನ ನವೆಂಬರಿನ ಕಾಗದ ತೆಗೆದು ಮತ್ತೆ ಓದಿದೆ. ನಮ್ಮ ಪಾಲು ಮಾರಿದ್ದೇ ನಿನ್ನ ಕೊನೆಯ ಕೆಲಸವಾಗಿತ್ತಲ್ಲವೇ? ನನಗಲ್ಲ, ಕಂಪನಿಗೆ ಎಂದರೆ ನೀನು ಅಲ್ಲಿ ಇರುವುದಿಲ್ಲ ಎಂದು ಅರ್ಥ. ನಾನು ಓದಿಕೊಂಡದ್ದೇ ಬೇರೆ. ಇಷ್ಟು ವರ್ಷ ವ್ಯಾಪಾರಿಗಳ ಕಣ್ಣು ನೋಡಿ ಅವರ ಜೇಬು ಹೇಳುವವಳು ನಿನ್ನ ನಾಲ್ಕು ಸಾಲು ಓದಲಾರದೆ ಹೋದೆ.

ಎರಡು ತಿಂಗಳು ನೀನು ಬದುಕಿದ್ದೀಯೋ ಇಲ್ಲವೋ ಗೊತ್ತಿರಲಿಲ್ಲ. ಪೊಲೀಸರಿಗೆ ಹೇಳೋಣ ಎಂದು ಕ್ರೇನಿನವನು ಠಾಣೆಗೆ ಕರೆದುಕೊಂಡು ಹೋದ. "ನಿಮಗೆ ಏನಾಗಬೇಕು?" ಎಂದು ಕೇಳಿದರು. "ಮೈದುನ" ಎಂದೆ. "ಗಂಡ ಎಲ್ಲಿ?" ಎಂದರು. ಇಲ್ಲ ಎಂದೆ. ರಕ್ತಸಂಬಂಧಿಗಳು ಯಾರಾದರೂ ಬಂದು ಬರೆದುಕೊಡಲಿ ಎಂದರು. ಹಾಗೆ ಬರುವವರು ಯಾರಿದ್ದಾರೆ ಹೇಳು. ನಿನಗೆ ಇದ್ದದ್ದು ನಿನ್ನಣ್ಣ ಒಬ್ಬರೇ.

ನೀನು ಹೇಳದೆ ಇದ್ದದ್ದಕ್ಕೆ ಎಷ್ಟು ಬೇಕಾದರೂ ಬೈಯಬಹುದು. ಆದರೆ ನಾನೂ ಹೇಳಿಲ್ಲ. ಆಭರಣದ ಅಂಗಡಿಗೆ ಹೋದದ್ದು ಅವಳ ಓಲೆಗಷ್ಟೇ ಅಲ್ಲ, ನನ್ನ ಬಳೆಗೂ. ನಿನ್ನ ಕೋಣೆ ಹಾಗೇ ಇದೆ ಎಂದಿದ್ದೆ. ನವೆಂಬರಿನಿಂದ ಅಲ್ಲಿ ಐಸು ಲಾರಿಯ ಡ್ರೈವರು ಬಾಡಿಗೆಗೆ ಇದ್ದಾನೆ. ಒಳ್ಳೆಯವನು, ಗೊರಕೆ ಮಾತ್ರ ಜಾಸ್ತಿ. ಮೊದಮೊದಲು ನಿದ್ದೆ ಬರುತ್ತಿರಲಿಲ್ಲ. ಈಗ ಅವನು ದೂರದ ಊರಿಗೆ ಲಾರಿ ತೆಗೆದುಕೊಂಡು ಹೋದ ದಿನ ನಿದ್ದೆ ಬರುವುದಿಲ್ಲ.

ಶೆಡ್ಡು ತೆರೆದು ತಿಂಗಳಾಯಿತು. ಹಡಗುಗಳು ಹೊರಟಿವೆ, ಬೆಲೆ ಏರಿದೆ. ಆ ಇಬ್ಬರು ವ್ಯಾಪಾರಿಗಳು ಮತ್ತೆ ಜಗಳಕ್ಕೆ ನಿಂತಿದ್ದಾರೆ. ಅವರ ಕೈ ಮೇಲೇಳುವುದನ್ನು ನೋಡಿ ನನ್ನ ಕಣ್ಣಲ್ಲಿ ನೀರು ಬಂತು, ಹೊಗೆ ಎಂದು ಹೇಳಿ ಒರೆಸಿಕೊಂಡೆ. ಶೆಡ್ಡಿನಲ್ಲಿ ಹೊಗೆ ಎಲ್ಲಿಂದ ಬರಬೇಕು?

ಪೇಟೆ ಏರಿದ್ದು ಇವರಿಗೂ ಗೊತ್ತಾಗಿದೆ. ಕಾದಿದ್ದರೆ ಎಷ್ಟಾಗುತ್ತಿತ್ತೆಂದು ಲೆಕ್ಕ ಹಾಕುವವರು ಇಲ್ಲೂ ಇದ್ದಾರೆ. ನೀನು ಹೇಳಿದ್ದು ಸರಿಯಾಗಿಯೇ ಇತ್ತು. ನಾವು ಮಾಡಿದ್ದೂ ತಪ್ಪಲ್ಲ. ಅಜ್ಜಿ ಕೋಲು ಹಿಡಿದು ಬಂದರಿನವರೆಗೆ ನಡೆಯುತ್ತಾರೆ. ದುಡ್ಡು ಮೇಲೆ ಬಂತೆಂದು ಆ ಸೊಂಟ ಮೇಲೇಳುತ್ತಿರಲಿಲ್ಲ.

ಮೊನ್ನೆ ನಿನ್ನ ಕಾಗದ ಬಂತೆಂದು ಹೇಳಿದಾಗ ಶೆಡ್ಡಿನಲ್ಲಿ ಗಲಾಟೆಯಾಯಿತು. "ಕರೆಸಿ ಅವನನ್ನ. ಎದುರಿಗೆ ನಿಲ್ಲಿಸಿ ನಾಲ್ಕು 'ಒಳ್ಳೆ' ಮಾತು ಹೇಳಬೇಕು" ಎಂದ ಕ್ರೇನಿನವನು. ಅರ್ಧ ದುಡ್ಡು ಕಳೆದುಕೊಂಡವರು ಸುಮ್ಮನೆ ಇರುತ್ತಾರೆಯೇ? ಐಸ್ ಅಜ್ಜ, "ಬೈಯೋದಾದರೆ ನಾನೇ ಮೊದಲು, ಹಿರಿಯ" ಎಂದರು. ಬೈಯುತ್ತಾರೆ, ಚೆನ್ನಾಗಿಯೇ ಬೈಯುತ್ತಾರೆ. ನಾನು ಅಡ್ಡ ಬರುವುದಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ಬೈಸಿಕೊಳ್ಳುವುದಕ್ಕಾದರೂ ಬಾ. ಅಲ್ಲಿ ನಿನ್ನನ್ನು ಬೈಯುವವರೂ ಇಲ್ಲವಲ್ಲ. ಕೋಣೆ ಇಲ್ಲ, ಪಡಸಾಲೆಯಲ್ಲಿ ಮಲಗಬೇಕು.

ನಿನ್ನ ಅತ್ತಿಗೆ


ಏಪ್ರಿಲ್ ೨೪

ಅತ್ತಿಗೆ,

ಡಿಸೆಂಬರಿನ ಕಾಗದವನ್ನು ಗೋದಾಮಿನಲ್ಲೇ ನಿಂತು ಓದಿದೆ. ರಟ್ಟಿನ ಪೆಟ್ಟಿಗೆಗಳನ್ನು ಎಣಿಸಿ ಒಳಗೆ ಬಿಡುವುದು ಇಲ್ಲಿ ನನ್ನ ಕೆಲಸ. ಅಂದು ಎಷ್ಟು ಬಂದವೋ, ಮೇಸ್ತ್ರಿ ಎರಡು ಸಲ ಕೇಳಿದ.

ನಿಧಿ ಕರಗಿದ್ದಕ್ಕೆ ನಿಮಗೆ ಸಿಟ್ಟೆಂದು ತಿಳಿದು ಐದು ತಿಂಗಳು ಕಳೆದೆ. ಆ ಸಿಟ್ಟಿರಲಿಲ್ಲವೆಂದು ಗೊತ್ತಾದಾಗ ಹಗುರಾಗಬೇಕಿತ್ತು. ಆಗಲಿಲ್ಲ. ಅಡುಗೆಮನೆಯಲ್ಲಿ ಕೂತು ನೀವೊಬ್ಬರೇ ಬೆಲೆ ಕೂಗಿದ್ದು ಕಿವಿಯಿಂದ ಹೋಗುತ್ತಿಲ್ಲ. ಅದೇ ದಿನಗಳಲ್ಲಿ ನಾನು ಇಲ್ಲಿ ಗೋಡೆಗೆ ಕಿವಿಯಿಟ್ಟು ಯಾರದೋ ರೇಡಿಯೋ ಕೇಳುತ್ತಿದ್ದೆ.

ಇನ್ನೊಮ್ಮೆ ಬರೆಯುತ್ತೇನೆ ಎಂದಿದ್ದನ್ನು ಈಗ ಬರೆಯುತ್ತೇನೆ. ಅಣ್ಣ ಹೋದ ಮೇಲೆ ಎರಡು ಸಲ ಟಿಕೆಟ್ ತೆಗೆದಿದ್ದೆ. ಎರಡು ಸಲವೂ ರೈಲು ಹತ್ತಲಿಲ್ಲ. ಬಾಗಿಲು ತಟ್ಟಿದರೆ ಯಾವಾಗಲೂ ಅವನೇ ಬಂದು ತೆಗೆಯುತ್ತಿದ್ದ. ಗ್ರೀಸಿನ ಕೈಯನ್ನು ನನ್ನ ಅಂಗಿಗೆ ಒರೆಸುತ್ತಿದ್ದ. ನೀವು ತೆಗೆದರೆ ಅವನಿಲ್ಲ ಎಂದಾಗುತ್ತದೆ. ನಾನು ಬರದೆ ಇದ್ದರೆ ಅದು ಇನ್ನೂ ಪೂರ್ತಿ ಆಗಿಲ್ಲವೆಂಬಂತೆ ಇತ್ತು. ಆ ಬಾಗಿಲನ್ನು ಇಷ್ಟು ದಿನ ನೀವೊಬ್ಬರೇ ತೆಗೆದು ಹಾಕಿ ಮಾಡುತ್ತಿದ್ದಿರಿ ಎನ್ನುವುದು ನನಗೆ ಹೊಳೆಯಲೇ ಇಲ್ಲ.

ನನ್ನ ಉಳಿತಾಯವೂ ನಿಮ್ಮ ನಿಧಿಯ ಹಾಗೆಯೇ ಹೋಯಿತು. ಬಾಡಿಗೆ ಕಟ್ಟಲು ಡಿಸೆಂಬರಿನಲ್ಲಿ ಮಾರಿದೆ. ಕಾಯಿರಿ ಎಂದು ಶೆಡ್ಡಿಗೆಲ್ಲ ಬರೆದವನು ಕಾಯಲಿಲ್ಲ. ಇದನ್ನು ಅಜ್ಜನಿಗೆ ನಾನೇ ಹೇಳುತ್ತೇನೆ, ನೀವು ಹೇಳಬೇಡಿ.

ಮೇಸ್ತ್ರಿಯ ಹತ್ತಿರ ಒಂದು ವಾರ ರಜೆ ಕೇಳಿದೆ. ಸೇರಿ ನಾಲ್ಕು ತಿಂಗಳಾಗಿಲ್ಲ, ರಜೆ ಯಾತರದ್ದು, ಹೋದರೆ ಹಾಗೇ ಹೋಗು ಎಂದ.

ಶನಿವಾರದ ರೈಲಿಗೆ ಹೊರಡುತ್ತಿದ್ದೇನೆ.

ನಿಮ್ಮ ಮೈದುನ